ಬಣ್ಣ ನೋಡಿ ಗಾತ್ರ ಹೇಳಬೇಡಿ

ಗಾಜಿನ ತುಣುಕೊಂದನ್ನು ತಂದು ಮೇಜಿನ ಮೇಲಿಡುತ್ತಾರೆ, ಜೊತೆಗೆ ಅದರ ಹೀರಿಕೆ ರೋಹಿತವನ್ನೂ, ಅಂದರೆ ಯಾವ ತರಂಗಾಂತರದ ಬೆಳಕನ್ನು ಗಾಜು ಎಷ್ಟು ಹೀರುತ್ತದೆ ಎಂಬ ನಕ್ಷೆಯನ್ನೂ. ಹೀರಿಕೆ ಥಟ್ಟನೆ ಏರುವ ಜಾಗವೇ ಅದರ ಅಂಚು. "ಅಂಚು 590 ನ್ಯಾನೋಮೀಟರಿನಲ್ಲಿದೆ. ಹಾಗಾದರೆ ಒಳಗಿನ ಸ್ಫಟಿಕಗಳ ವ್ಯಾಸ 4 ನ್ಯಾನೋಮೀಟರ್ ಅಲ್ಲವೇ ಸಾರ್?" ಕೇಳುವವರು ಸಂಶೋಧನಾ ವಿದ್ಯಾರ್ಥಿಗಳಿರಬಹುದು, ಲೇಸರ್ ಪ್ರಯೋಗಕ್ಕೆ ಫಿಲ್ಟರ್ ಹುಡುಕುವ ಎಂಜಿನಿಯರುಗಳಿರಬಹುದು, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಈ ಗಾಜಿಗೆ ಏನೇನು ಹಾಕಿ ಕರಗಿಸಿದ್ದಾರೆ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ.

2023ರಲ್ಲಿ ಕ್ವಾಂಟಂ ಚುಕ್ಕೆಗಳಿಗೆ (ಗಾತ್ರಕ್ಕೆ ತಕ್ಕಂತೆ ಬಣ್ಣ ಬದಲಾಗುವ, ಕೆಲವೇ ನ್ಯಾನೋಮೀಟರಿನ ಸ್ಫಟಿಕಗಳಿಗೆ) ರಸಾಯನಶಾಸ್ತ್ರದ ನೊಬೆಲ್ ಬಂದ ಮೇಲೆ, ಚಿಕ್ಕ ಕಣ ನೀಲಿ, ದೊಡ್ಡ ಕಣ ಕೆಂಪು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆ ಮಾತು ಸುಳ್ಳಲ್ಲ, ಆದರೆ ಒಂದೇ ವಸ್ತುವಿನ ಕಣಗಳನ್ನು ಹೋಲಿಸುವಾಗ ಮಾತ್ರ ನಿಜ. ಹಳದಿಯಿಂದ ಕಡುಗೆಂಪಿನವರೆಗೆ ಮಾರಾಟಕ್ಕೆ ಸಿಗುವ ಫಿಲ್ಟರ್ ಗಾಜುಗಳಲ್ಲಿ ಇರುವುದು ಸಾಮಾನ್ಯವಾಗಿ ಕ್ಯಾಡ್ಮಿಯಂ ಸಲ್ಫೈಡ್ ಮತ್ತು ಕ್ಯಾಡ್ಮಿಯಂ ಸೆಲೆನೈಡ್ ಬೆರೆತ ಸ್ಫಟಿಕ. ದೊಡ್ಡ ಹರಳಿನ ರೂಪದಲ್ಲಿ ಸಲ್ಫೈಡಿನ ಶಕ್ತಿ ಅಂತರ, ಅಂದರೆ ಅದು ಹೀರಬಲ್ಲ ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 2.42 ಎಲೆಕ್ಟ್ರಾನ್ ವೋಲ್ಟ್. ಅದರ ಹೀರಿಕೆಯ ಅಂಚು 510 ನ್ಯಾನೋಮೀಟರಿನ ಆಸುಪಾಸು. ಸೆಲೆನೈಡಿನದು 1.74, ಅಂಚು 710ರ ಹತ್ತಿರ. ಗಂಧಕ ಮತ್ತು ಸೆಲೆನಿಯಂಗಳ ಪ್ರಮಾಣವನ್ನು ಬದಲಿಸುತ್ತ ಹೋದರೆ ಈ ಎರಡರ ನಡುವೆ ಎಲ್ಲಿ ಬೇಕಾದರೂ ಅಂಚನ್ನು ನಿಲ್ಲಿಸಬಹುದು. ಇದಕ್ಕೆ ಕ್ವಾಂಟಂ ಪರಿಣಾಮದ ಹಂಗೇ ಬೇಡ.

ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಎರಡು ಕಿತ್ತಳೆ ಗಾಜುಗಳಿವೆ, ಎರಡರ ಅಂಚೂ 590ರಲ್ಲಿದೆ ಎಂದುಕೊಳ್ಳಿ. ಒಂದರಲ್ಲಿ ಶುದ್ಧ ಸೆಲೆನೈಡಿನ ಸುಮಾರು 4 ನ್ಯಾನೋಮೀಟರ್ ಕಣಗಳು. ಎಲೆಕ್ಟ್ರಾನು ಚಿಕ್ಕ ಕಣದ ಇಕ್ಕಟ್ಟಿನಲ್ಲಿ ಸಿಲುಕಿದ್ದರಿಂದ (ಕ್ವಾಂಟಂ ಪರಿಣಾಮ ಎಂದದ್ದು ಇದನ್ನೇ) ಅಂಚು 710ರಿಂದ ಅಷ್ಟು ದೂರ ಸರಿದಿದೆ. ಇನ್ನೊಂದರಲ್ಲಿ ಗಂಧಕವೂ ಸೆಲೆನಿಯಮ್ಮೂ ಬೆರೆತ, ಅದಕ್ಕಿಂತ ಎಷ್ಟೋ ದೊಡ್ಡ ಕಣಗಳು. ಇಕ್ಕಟ್ಟಿನ ಪಾಲು ಅಲ್ಲಿ ಅಲ್ಪ. ಕಣ್ಣಿಗೆ ಎರಡೂ ಒಂದೇ. ಅಂಚಿನ ಸಂಖ್ಯೆಯೊಂದನ್ನೇ ಶುದ್ಧ ಸೆಲೆನೈಡಿನ ಗಾತ್ರದ ಸೂತ್ರಕ್ಕೆ ಹಾಕಿದರೆ ಎರಡಕ್ಕೂ 4 ಎಂದೇ ಉತ್ತರ ಬರುತ್ತದೆ, ಎರಡನೆಯದಕ್ಕೆ ಅದು ಶುದ್ಧ ತಪ್ಪು.

"ಕುಲುಮೆಯಲ್ಲಿಟ್ಟಾಗ ಬಣ್ಣ ಬದಲಾಯಿತಲ್ಲ, ಕಣ ಬೆಳೆದದ್ದಕ್ಕೆ ತಾನೇ?" ಎಂದು ವಾದಿಸುವವರೂ ಇದ್ದಾರೆ. ಆ ನೋಟ ನಿಜಕ್ಕೂ ಸೊಗಸು, ನನಗೆ ಇಂದಿಗೂ ಬೇಸರ ಬಂದಿಲ್ಲ. ಎರಕ ಹೊಯ್ದು ಬೇಗನೆ ತಣಿಸಿದ ಗಾಜು ಹೆಚ್ಚುಕಡಿಮೆ ಬಣ್ಣವಿಲ್ಲದೆ ಇರುತ್ತದೆ. ಮತ್ತೆ ಕಾಯಿಸಿದಾಗ ಹಳದಿ ಮೂಡಿ ಕಿತ್ತಳೆಯಾಗಿ ಕೆಂಪಿಗೆ ತಿರುಗುತ್ತದೆ. ಆದರೆ ಆ ಹೊತ್ತಿನಲ್ಲಿ ಕಣಗಳ ಒಟ್ಟು ಪ್ರಮಾಣವೂ ಹೆಚ್ಚುತ್ತಿರುತ್ತದೆ. ಬೆರಕೆ ಗಾಜಾದರೆ ಗಂಧಕ–ಸೆಲೆನಿಯಂ ಅನುಪಾತವೂ ಬದಲಾಗಬಹುದು. ಮೂರೂ ಒಟ್ಟಿಗೆ ನಡೆಯುವಾಗ ಒಂದಕ್ಕೇ ಯಶಸ್ಸು ಕಟ್ಟುವುದು ಸರಿಯಲ್ಲ.

ನೊಬೆಲ್ ಹಂಚಿಕೊಂಡ ಅಲೆಕ್ಸೀ ಎಕಿಮೋವ್ ತೆಗೆದುಕೊಂಡ ಎಚ್ಚರವನ್ನು ಗಮನಿಸಬೇಕು. ಬೆರಕೆಯ ಗೊಡವೆಯಿಲ್ಲದ ತಾಮ್ರದ ಕ್ಲೋರೈಡನ್ನು ಅವರು ಆರಿಸಿಕೊಂಡರು. 500ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ಗಂಟೆಯಿಂದ 96 ಗಂಟೆಗಳವರೆಗೆ ಕಾಯಿಸಿದರು. ಕಣಗಳು 2ರಿಂದ 30 ನ್ಯಾನೋಮೀಟರ್ ಇವೆ ಎಂದು ತಿಳಿದದ್ದು ಎಕ್ಸ್ ಕಿರಣಗಳಿಂದ, ಬಣ್ಣದಿಂದಲ್ಲ. ಗಾತ್ರ ಬೇರೆಯಾಗಿ ಕೈಯಲ್ಲಿದ್ದುದರಿಂದಲೇ, ಕಣ ಕುಗ್ಗಿದಂತೆ ಹೀರಿಕೆ ನೀಲಿಯತ್ತ ಸರಿಯುತ್ತದೆ ಎನ್ನಲು ಅವರಿಗೆ ಆಧಾರವಿತ್ತು.

ತುಂಬ ಶ್ರಮಜೀವಿಯಾದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಗಾತ್ರವನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಬರೆದು ತಂದಿದ್ದಳು. ಅವಳ ತುಣುಕಿನ ರಾಮನ್ ರೋಹಿತ (ಚದುರಿದ ಲೇಸರ್ ಬೆಳಕಿನಿಂದ ಒಳಗಿನ ಪರಮಾಣುಗಳ ಕಂಪನ ತಿಳಿಸುವ ನಕ್ಷೆ) ತೆಗೆಸಿದೆವು. ಪ್ರತಿ ಸೆಂಟಿಮೀಟರಿಗೆ 200ರ ಬಳಿ ಒಂದು ಶೃಂಗ, 300ರ ಬಳಿ ಇನ್ನೊಂದು. ಮೊದಲನೆಯದು ಸೆಲೆನೈಡಿನ ಕಂಪನ, ಎರಡನೆಯದು ಸಲ್ಫೈಡಿನದು. ಶುದ್ಧ ಸೆಲೆನೈಡ್ ಎಂದು ನಂಬಿದ್ದ ಗಾಜು ಬೆರಕೆಯಾಗಿತ್ತು. ಅವಳ ಮುಖ ಬಾಡಿತು, ನನಗೂ ಸಂಕಟವಾಯಿತು. ಆದರೆ ಆ ಶೃಂಗಗಳ ಸ್ಥಾನದಿಂದಲೇ ಅನುಪಾತವನ್ನು ಅಂದಾಜು ಮಾಡಬಹುದು ಎಂದು ತಿಳಿದ ಕೂಡಲೇ ಮತ್ತೆ ಕೆಲಸಕ್ಕೆ ಕುಳಿತಳು.

ಅಂಚು ನೆಟ್ಟಗೆ ಏರುತ್ತದೆಯೇ, ಅದರ ಮೇಲೆ ಉಬ್ಬು ಕಾಣುತ್ತದೆಯೇ ಎಂಬುದೂ ಸುಳಿವು ಕೊಡುತ್ತದೆ. ಉಬ್ಬಿದ್ದರೆ ಇಕ್ಕಟ್ಟಿನ ಪರಿಣಾಮವಿರುವ ಸಂಭವ ಹೆಚ್ಚು. ಇಲ್ಲದಿದ್ದರೆ ಇಲ್ಲವೆಂದು ಹೇಳಲಾರೆ, ಗಾಜಿನೊಳಗೆ ಕಣಗಳ ಗಾತ್ರ ಏಕರೂಪವಾಗಿರದೆ ಉಬ್ಬು ಮಸುಕಾಗುವುದುಂಟು. ದಪ್ಪ ಗಾಜು ಹೆಚ್ಚು ಹೀರುವುದರಿಂದ ಅಂಚು ಕೆಂಪಿನತ್ತ ಸರಿದಂತೆ ತೋರುತ್ತದೆ. ಬಿಸಿಯಾದರೂ ಅತ್ತಲೇ ಸರಿಯುತ್ತದೆ. ಆದ್ದರಿಂದ ಗಾಜು ಕಳುಹಿಸುವವರು ಕರಗಿಸಿದ ಮಿಶ್ರಣದ ಪಟ್ಟಿ, ಕಾಯಿಸಿದ ತಾಪ ಮತ್ತು ಅವಧಿ, ತುಣುಕಿನ ದಪ್ಪ ಇವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಸಾಧ್ಯವಾದರೆ ಕಾಯಿಸದೆ ಉಳಿಸಿದ ಅದೇ ಎರಕದ ಚೂರೊಂದನ್ನೂ.