ಚರ್ಚಿನ ಪೂರ್ವ ಯಾವ ಕಡೆ?

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಇವತ್ತು ಬಸ್ಸು, ಮಾರುಕಟ್ಟೆಗಳ ಗದ್ದಲದ ನಡುವೆ ಇದೆ. ಶುರುವಾದದ್ದು ಮಾತ್ರ ಹಳ್ಳಿಯ ಚರ್ಚಾಗಿ. ಊರಿನ ಹೆಸರು ಬ್ಲ್ಯಾಕ್‌ಪಲ್ಲಿ. ‘ಬಿಳಿ ಅಕ್ಕಿ ಪಳ್ಳಿ’ ಇಂಗ್ಲಿಷರ ಬಾಯಲ್ಲಿ ಹಾಗಾಯಿತು ಎನ್ನುವುದುಂಟು. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬೆ ದುಬ್ವಾ ಅಲ್ಲಿ ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾಲಯ ಕಟ್ಟಿಸಿದರು. ಈಗಿನ ಗಾಥಿಕ್ ಶೈಲಿಯ ಕಟ್ಟಡ ಪ್ರತಿಷ್ಠೆಯಾದದ್ದು 1882ರ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದ ಹಬ್ಬದಂದೇ. ಪ್ರತಿ ವರ್ಷ ಅದೇ ದಿನ ತೇರು.

ಚರ್ಚಿನ ಭಾಗಗಳು: ಜನ ಕೂರುವ ಉದ್ದನೆಯ ಸಭಾಂಗಣ ನೇವ್. ಲ್ಯಾಟಿನ್ನಿನ ‘ನಾವಿಸ್’ ಎಂದರೆ ಹಡಗು. ನಮ್ಮ ‘ನಾವೆ’ಯೂ ಅದೇ ಬೇರಿನದು, ಹಾಗಾಗಿ ಇದು ಮರೆಯುವುದೇ ಇಲ್ಲ. ನೇವ್‌ಗೆ ಅಡ್ಡಲಾಗಿ ಎರಡು ಕಡೆ ಚಾಚಿದ ತೋಳುಗಳು ಟ್ರಾನ್ಸೆಪ್ಟ್. ಇವು ಸೇರಿದಾಗ ನಕ್ಷೆ ಶಿಲುಬೆಯಾಗುತ್ತದೆ. ಪಾದ್ರಿ ಪೂಜೆ ನಡೆಸುವ ಮೇಜು ಬಲಿಪೀಠ. ಅದರ ಹಿಂದಿನ ಅರ್ಧವೃತ್ತ ಆಪ್ಸ್. ಗಾಥಿಕ್‌ಗೆ ಚೂಪು ಕಮಾನೇ ಗುರುತು.

ಚರ್ಚುಗಳ ಬಗ್ಗೆ ಓದುವಾಗ ನಾನು ಎರಡು ದಿನ ಒದ್ದಾಡಿದ್ದು ದಿಕ್ಕಿನಲ್ಲಿ. ಪುಸ್ತಕದಲ್ಲಿ ‘ಉತ್ತರ ಟ್ರಾನ್ಸೆಪ್ಟ್’ ಎಂದಿದ್ದರೆ ನನ್ನ ನಕ್ಷೆಯಲ್ಲಿ ಅದು ದಕ್ಷಿಣಕ್ಕೆ ಹೋಗಿ ಕೂರುತ್ತಿತ್ತು. ತಪ್ಪು ಎಲ್ಲಿತ್ತೆಂದರೆ, ನಾನು ದೇವಸ್ಥಾನದ ಲೆಕ್ಕ ಹಾಕುತ್ತಿದ್ದೆ. ನಮ್ಮ ಗುಡಿಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿರುತ್ತಾನೆ, ಬಾಗಿಲೂ ಪೂರ್ವಕ್ಕೆ. ದರ್ಶನಕ್ಕೆ ನಿಂತ ನಾವು ನೋಡುವುದು ಪಶ್ಚಿಮವನ್ನು. ಚರ್ಚಿನ ಸಂಪ್ರದಾಯದಲ್ಲಿ ಪೂರ್ವಕ್ಕೆ ಮುಖ ಮಾಡುವವರು ಭಕ್ತರು: ಸೂರ್ಯ ಹುಟ್ಟುವ ದಿಕ್ಕು ಕ್ರಿಸ್ತನ ಪುನರಾಗಮನದ ಸಂಕೇತ. ಹಾಗಾಗಿ ಬಲಿಪೀಠ ಪೂರ್ವದ ತುದಿಗೆ, ಮುಂಬಾಗಿಲು ಪಶ್ಚಿಮಕ್ಕೆ. ಎರಡೂ ಕಡೆ ಪೂರ್ವಕ್ಕೇ ಗೌರವ, ಆದರೆ ಬಾಗಿಲು ಅದಲುಬದಲು. ಇಷ್ಟು ಹೊಳೆದಾಗ ನನಗಾದ ಸಂತೋಷ ಹೇಳತೀರದು.

ಇನ್ನೊಂದು ತೊಡಕಿದೆ. ಎಲ್ಲ ಚರ್ಚುಗಳೂ ನಿಜವಾದ ಪೂರ್ವಕ್ಕೆ ಇರುವುದಿಲ್ಲ. ರೋಮಿನ ಸಂತ ಪೀಟರ್ ಬೆಸಿಲಿಕಾದ ಮುಂಬಾಗಿಲೇ ಪೂರ್ವಕ್ಕಿದೆ. ಅದಕ್ಕೇ ವಿದ್ವಾಂಸರು ಬಲಿಪೀಠವಿರುವ ತುದಿಯನ್ನು ‘ಆರಾಧನೆಯ ಪೂರ್ವ’ ಎಂದು ಇಟ್ಟುಕೊಂಡು ವಿವರಿಸುವುದುಂಟು. ಅಂಥ ಬರಹ ಓದುವಾಗ ದಿಕ್ಸೂಚಿ ಬದಿಗಿಡಿ. ಮನಸ್ಸಿನಲ್ಲೇ ಬಲಿಪೀಠಕ್ಕೆ ಮುಖ ಮಾಡಿ ನಿಲ್ಲಿ: ಎಡಗೈ ಉತ್ತರ, ಬಲಗೈ ದಕ್ಷಿಣ, ಬೆನ್ನು ಪಶ್ಚಿಮ. ‘ವೆಸ್ಟ್ ಫ್ರಂಟ್’ ಎಂದರೆ ನಿಮ್ಮ ಬೆನ್ನ ಹಿಂದಿನ ಮುಂಬಾಗಿಲ ಗೋಡೆ. ಹೊರಗೆ ಮುಂಬಾಗಿಲ ಎದುರು ನಿಂತು ಕಟ್ಟಡ ನೋಡುವಾಗಲೂ ನಿಮ್ಮ ಮುಖ ಬಲಿಪೀಠದ ಕಡೆಗೇ ಇರುತ್ತದೆ, ಆದ್ದರಿಂದ ಎಡ ಬಲ ಬದಲಾಗುವುದಿಲ್ಲ.

ಕೊನೆಗೆ ಹೆಸರುಗಳು. ಒಬ್ಬ ಗುರುವಿನ ಉಸ್ತುವಾರಿಯ ಊರು ಅಥವಾ ಬಡಾವಣೆ ಧರ್ಮಕೇಂದ್ರ, ಅದರ ಗುಡಿಯೇ ಪ್ಯಾರಿಷ್ ಚರ್ಚು. ಬಿಷಪ್ಪರ ಪೀಠವಿದ್ದರೆ ಕೆಥೆಡ್ರಲ್. ‘ಕಥೆಡ್ರಾ’ ಎಂದರೆ ಆಸನ. ಬೆಸಿಲಿಕಾ ಎನ್ನುವುದು ಪೋಪ್ ಕೊಡುವ ಗೌರವ. ಶಿವಾಜಿನಗರದ್ದು ಬೆಸಿಲಿಕಾ ಆದರೂ, ಬೆಂಗಳೂರು ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪ್ಪರ ಆಡಳಿತದ ವ್ಯಾಪ್ತಿ) ಕೆಥೆಡ್ರಲ್ ಇರುವುದು ಕ್ಲೀವ್‌ಲ್ಯಾಂಡ್ ಟೌನಿನಲ್ಲಿ, ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರಿನಲ್ಲಿ.