ಬ್ಯಾಕ್ಟೀರಿಯಾ ಹೊಸದು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ರೋಗಿಗಳಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ ಅಂತ ಆಗಾಗ ಸುದ್ದಿ ಬರುತ್ತದೆ. ಅದು ಹೊಸದು ಅಂತ ಹೇಗೆ ಹೇಳುತ್ತಾರೆ? ನಾವು ಹೆದರಬೇಕಾ?

ಎಷ್ಟೋ ಸಲ ಹೊಸದಾಗಿರುವುದು ಹೆಸರು ಮಾತ್ರ. ಬ್ಯಾಕ್ಟೀರಿಯಾ ಮೊದಲೂ ಕಾಡುತ್ತಿತ್ತು, ರಿಪೋರ್ಟಿನಲ್ಲಿ ಬೇರೆ ಹೆಸರು ಬರುತ್ತಿತ್ತು ಅಷ್ಟೆ.

ಎಲಿಜಬೆತ್‌ಕಿಂಗಿಯಾ ಅನಾಫಿಲಿಸ್ ಎಂಬ ಬ್ಯಾಕ್ಟೀರಿಯಾದ ಕಥೆ ನೋಡಿ. ಗ್ಯಾಂಬಿಯಾ ಮೂಲದ ಅನಾಫಿಲಿಸ್ ಸೊಳ್ಳೆಯ ಕರುಳಿನಲ್ಲಿ ಸಿಕ್ಕಿದ ಇದಕ್ಕೆ 2011ರಲ್ಲಿ ಹೆಸರಿಟ್ಟರು. ಇದರ ಹತ್ತಿರದ ನೆಂಟ ಮೆನಿಂಗೊಸೆಪ್ಟಿಕಾ. ಹಸುಗೂಸುಗಳ ಮೆದುಳುಪೊರೆಗೆ ಸೋಂಕು ತರುವ ಅದನ್ನು 1959ರಲ್ಲೇ ಗುರುತಿಸಿದ್ದು ಅಮೆರಿಕದ ಬ್ಯಾಕ್ಟೀರಿಯಾ ತಜ್ಞೆ ಎಲಿಜಬೆತ್ ಕಿಂಗ್. ಇಡೀ ಕುಲಕ್ಕೆ ಈಗ ಅವರದೇ ಹೆಸರು.

ಲ್ಯಾಬ್‌ಗಳು ಈ ಎರಡನ್ನೂ ಒಂದೇ ಅಂದುಕೊಂಡವು. ಇಂದು ದೊಡ್ಡ ಲ್ಯಾಬ್‌ಗಳಲ್ಲಿ ಮಾಲ್ಡಿ-ಟಾಫ್ ಎಂಬ ಯಂತ್ರವಿರುತ್ತದೆ. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಚೂರೇ ಚೂರು ಲೋಹದ ಫಲಕಕ್ಕೆ ಸವರಿ ಲೇಸರ್ ಹಾಯಿಸಿದರೆ ಪ್ರೋಟೀನುಗಳ ಗೆರೆಚಿತ್ರ ಬರುತ್ತದೆ. ಯಂತ್ರ ಅದನ್ನು ತನ್ನ ಪಟ್ಟಿಯ ಜೊತೆ ಹೋಲಿಸುತ್ತದೆ. ಪಟ್ಟಿಯಲ್ಲಿ ಅನಾಫಿಲಿಸ್ ಇಲ್ಲದಿದ್ದರೆ? ಹತ್ತಿರದ ಮೆನಿಂಗೊಸೆಪ್ಟಿಕಾ ಹೆಸರನ್ನೇ ಕೊಟ್ಟುಬಿಡುತ್ತದೆ!

ನಿಜವಾದ ತೀರ್ಮಾನ ಡಿಎನ್ಎಯಿಂದ. ಮೊದಲು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಜೀನ್ ನೋಡುತ್ತಾರೆ. ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಕೆ ಸುಮಾರು ಶೇ. 98.7ಕ್ಕಿಂತ ಕಡಿಮೆ ಇದ್ದರೆ ಹೊಸದಿರಬಹುದು. ಅಷ್ಟೇ ಸಾಲದು, ಹತ್ತಿರದ ನೆಂಟರ ನಡುವೆ ಈ ಜೀನ್ ಹೆಚ್ಚುಕಡಿಮೆ ಒಂದೇ ಥರ ಇದ್ದು ಮೋಸ ಮಾಡುತ್ತದೆ. ಹಾಗಾಗಿ ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್ಎ ಓದುತ್ತಾರೆ. ಸರಾಸರಿ ಹೋಲಿಕೆ ಶೇ. 95–96ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ ಅಂತ ಲೆಕ್ಕ. ಆಮೇಲೆ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಾಲಯಗಳಲ್ಲಿ ಇಡಬೇಕು, ಯಾರು ಬೇಕಾದರೂ ಪರೀಕ್ಷಿಸಲಿ ಅಂತ. ನನಗೆ ತುಂಬಾ ಮೆಚ್ಚುಗೆಯಾದ ನಿಯಮ ಇದು.

ಇಷ್ಟೆಲ್ಲ ಸುಮ್ನೆ ಹೆಸರಿಗಾಗಿ ಅಲ್ಲ. 2015–16ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅನಾಫಿಲಿಸ್ ಸೋಂಕು 63 ಜನರಲ್ಲಿ ಖಚಿತವಾಯಿತು, 18 ಮಂದಿ ತೀರಿಕೊಂಡರು. ಹೆಚ್ಚಿನವರು ವಯಸ್ಸಾದವರು, ಮೊದಲೇ ಬೇರೆ ಕಾಯಿಲೆ ಇದ್ದವರು. ಬೇರೆಬೇರೆ ಊರಿನ ರೋಗಿಗಳಿಗೆ ಬಂದದ್ದು ಒಂದೇ ತಳಿ ಅಂತ ತೋರಿಸಿದ್ದು ಜೀನೋಮ್ ಹೋಲಿಕೆಯೇ. ಇನ್ನೊಂದು ವಿಷಯ, ಐಸಿಯುಗಳಲ್ಲಿ ಜಾಸ್ತಿ ನೆಚ್ಚುವ ಮೆರೊಪೆನೆಮ್‌ನಂಥ ಔಷಧಿಗೆ ಈ ಕುಲ ಸಾಮಾನ್ಯವಾಗಿ ಬಗ್ಗುವುದಿಲ್ಲ. ಗುರುತು ತಡವಾದರೆ ಸರಿಯಾದ ಔಷಧಿಯೂ ತಡ, ಅಲ್ವಾ?

ಆರೋಗ್ಯವಾಗಿರುವವರು ಹೆದರಬೇಕಾಗಿಲ್ಲ. ಇವು ನೀರು, ಮಣ್ಣಿನಲ್ಲಿ ಇರುವಂಥವೇ. ಹಸುಗೂಸುಗಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪಾಯ ಜಾಸ್ತಿ. ನಿಮ್ಮ ಮನೆಯವರ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಇಂಥ ಹೆಸರು ಬಂದರೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಪರೀಕ್ಷೆ ಆಗಿದೆಯಾ ಎಂದು ಡಾಕ್ಟರನ್ನು ಕೇಳಿ.