ಮಗು 15ನೇ ಪರ್ಸೆಂಟೈಲ್‌ನಲ್ಲಿದೆ, ಇದು ಕಡಿಮೆ ಅಲ್ವಾ?

ಪ್ರಶ್ನೆ: ನಮ್ಮ ಮಗನಿಗೆ ಈಗ ಸರಿಯಾಗಿ ಒಂದು ವರ್ಷ. ತೂಕ 8.6 ಕೆಜಿ. ಡಾಕ್ಟರು ಬೆಳವಣಿಗೆಯ ಚಾರ್ಟ್ ನೋಡಿ 15ನೇ ಪರ್ಸೆಂಟೈಲ್ ಅಂದರು. 100ಕ್ಕೆ 15 ತುಂಬಾ ಕಡಿಮೆ ಅಲ್ವಾ? ಕನಿಷ್ಠ 50ಕ್ಕಾದರೂ ತರಬೇಕು ಅಂದರೆ ಏನು ತಿನ್ನಿಸಬೇಕು?

ಉತ್ತರ: ಏನನ್ನೂ ಹೆಚ್ಚಿಗೆ ತುರುಕಬೇಡಿ. ಮಗು ಲವಲವಿಕೆಯಿಂದ ಇದ್ದು, ಹಿಂದಿನ ತಿಂಗಳುಗಳಲ್ಲೂ ಹೆಚ್ಚುಕಡಿಮೆ ಚಾರ್ಟಿನ ಇದೇ 15ರ ಗೆರೆಯ ಪಕ್ಕದಲ್ಲೇ ಬಂದಿದ್ದರೆ ಅವನ ತೂಕ ಸರಿಯಾಗಿಯೇ ಇದೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಒಬ್ಬರ ಮಗುವಿಗೆ 30, ಇನ್ನೊಬ್ಬರದಕ್ಕೆ 8. ಮತ್ತೊಬ್ಬರು ನಮ್ಮ ಮಗಳು 97ನೇ ಪರ್ಸೆಂಟೈಲ್ ಅಂತ ಸಂತೋಷದಿಂದ ಬರೆಯುತ್ತಾರೆ. ಎಲ್ಲರ ಪ್ರಶ್ನೆಯಲ್ಲೂ ಒಂದೇ ತಪ್ಪು ತಿಳಿವಳಿಕೆ ಕೂತಿರುತ್ತದೆ. ಪರ್ಸೆಂಟೈಲನ್ನು ಪರೀಕ್ಷೆಯ ಮಾರ್ಕ್ಸ್ ಹಾಗೆ ಓದುತ್ತೇವೆ. 35 ಬಂದರೆ ಪಾಸು, 50 ಪರವಾಗಿಲ್ಲ, 90 ಬಂದರೆ ಜಾಣ ಮಗು. ಎಷ್ಟು ಸಲ ಹೇಳಿದರೂ ಈ ಲೆಕ್ಕ ತಲೆಯಿಂದ ಹೋಗುವುದಿಲ್ಲ. ಇವತ್ತು ಇದನ್ನು ಬುಡಸಮೇತ ಕಿತ್ತು ಹಾಕೋಣ.

ಒಂದು ವರ್ಷ ತುಂಬಿದ ನೂರು ಗಂಡು ಮಕ್ಕಳು ಇದ್ದಾರೆ ಅಂದುಕೊಳ್ಳಿ. ಎಲ್ಲರೂ ಆರೋಗ್ಯವಾಗಿದ್ದಾರೆ. ಅವರನ್ನು ತೂಕದ ಪ್ರಕಾರ ಸಾಲಾಗಿ ಕೂರಿಸಿ. ಎಲ್ಲರಿಗಿಂತ ಹಗುರ ಇರುವವನು ಮೊದಲು, ಎಲ್ಲರಿಗಿಂತ ಭಾರ ಇರುವವನು ಕೊನೆಗೆ. ನಿಮ್ಮ ಮಗ ಈ ಸಾಲಿನಲ್ಲಿ ಸುಮಾರು 15ನೆಯವನು. ಪರ್ಸೆಂಟೈಲ್ ಹೇಳುವುದು ಈ ಜಾಗವನ್ನು ಮಾತ್ರ. ಸಾಲು ಅಂದ ಮೇಲೆ ಯಾರೋ ಒಬ್ಬರು ಮುಂದೆ, ಯಾರೋ ಒಬ್ಬರು ಹಿಂದೆ ಇರಲೇಬೇಕು. ನೂರಕ್ಕೆ ನೂರೂ ಮಕ್ಕಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರೂ ಅರ್ಧ ಮಕ್ಕಳು 50ರ ಕೆಳಗೇ ಬರುತ್ತಾರೆ. ಎಲ್ಲರಿಗೂ ತಿನ್ನಿಸಿ ತಿನ್ನಿಸಿ ತೂಕ ಏರಿಸಿದರೆ ಇಡೀ ಸಾಲು ಭಾರವಾಗುತ್ತದೆ, ಅಷ್ಟೇ. ಆಗಲೂ 15ನೆಯವನು ಒಬ್ಬ ಇದ್ದೇ ಇರುತ್ತಾನೆ.

ಇನ್ನು ಆ ಸಾಲಿನಲ್ಲಿದ್ದ ಮಕ್ಕಳು ಯಾರು ಅನ್ನುವುದನ್ನೂ ನೋಡಿ. ಐದು ವರ್ಷದೊಳಗಿನ ಮಕ್ಕಳಿಗೆ ಈಗ ಹೆಚ್ಚಿನ ದೇಶಗಳಲ್ಲಿ ಬಳಸುವ ಚಾರ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಅದಕ್ಕಾಗಿ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ಸಿಕ್ಕಸಿಕ್ಕವರನ್ನು ಅಳೆಯಲಿಲ್ಲ. ಎದೆಹಾಲು ಕುಡಿಯುವ ಮಕ್ಕಳು, ಸಿಗರೇಟು ಸೇದದ ತಾಯಂದಿರು, ಬೆಳವಣಿಗೆಗೆ ಬಡತನ ಅಡ್ಡ ಬರದ ಮನೆಗಳು, ಹೀಗೆ ಆರಿಸಿ ತೆಗೆದುಕೊಂಡರು. ಆರು ದೇಶದ ಮಕ್ಕಳೂ ಉದ್ದದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಅಂದರೆ ಚಾರ್ಟಿನ 15ನೇ ಗೆರೆಯನ್ನು ಎಳೆದದ್ದೇ ಚೆನ್ನಾಗಿ ಬೆಳೆದ ಮಕ್ಕಳ ಅಳತೆಯಿಂದ. 3ನೇ ಗೆರೆಯೂ ಅಷ್ಟೇ. ಆ ಚಾರ್ಟ್ ಪ್ರಕಾರ ಒಂದು ವರ್ಷದ ಗಂಡು ಮಗುವಿನ ತೂಕ 7.8 ಕೆಜಿ ಇದ್ದರೆ 3ನೇ ಪರ್ಸೆಂಟೈಲ್, 9.6 ಇದ್ದರೆ 50, 11.8 ಇದ್ದರೆ 97. ಒಂದೇ ವಯಸ್ಸಿನ ಎರಡು ಆರೋಗ್ಯವಂತ ಮಕ್ಕಳ ನಡುವೆ ನಾಲ್ಕು ಕೆಜಿ ವ್ಯತ್ಯಾಸ ಇರಬಹುದು!

ಹಾಗಾದರೆ ಚಾರ್ಟ್ ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು ಅಂತ ಕೇಳಬಹುದು. ಅದರ ನಿಜವಾದ ಉಪಯೋಗ ಒಂದು ಚುಕ್ಕೆಯಲ್ಲಿ ಇಲ್ಲ, ಚುಕ್ಕೆಗಳನ್ನು ಸೇರಿಸಿದಾಗ ಬರುವ ಗೆರೆಯಲ್ಲಿದೆ. ಇಬ್ಬರು ಮಕ್ಕಳ ಉದಾಹರಣೆ ನೋಡಿ. ಮೊದಲನೆಯವನು ಆರು ತಿಂಗಳಲ್ಲಿ 7.1 ಕೆಜಿ, ಒಂದು ವರ್ಷಕ್ಕೆ 8.6 ಕೆಜಿ. ಆಗಲೂ 15, ಈಗಲೂ 15. ತನ್ನ ದಾರಿಯಲ್ಲಿ ತಾನು ನೆಟ್ಟಗೆ ನಡೆಯುತ್ತಿದ್ದಾನೆ. ಎರಡನೆಯವನು ಆರು ತಿಂಗಳಲ್ಲಿ 8.9 ಕೆಜಿ, ಅಂದರೆ 85ರ ಹತ್ತಿರ. ಒಂಬತ್ತು ತಿಂಗಳಿಗೆ 9.1. ಒಂದು ವರ್ಷಕ್ಕೆ 9.0. ಈಗ ಅವನು 25ರ ಆಸುಪಾಸಿನಲ್ಲಿದ್ದಾನೆ. ಮಾರ್ಕ್ಸ್ ಲೆಕ್ಕದಲ್ಲಿ ಇವನದೇ ಜಾಸ್ತಿ. ಆದರೆ ಡಾಕ್ಟರು ಕೂರಿಸಿಕೊಂಡು ಪ್ರಶ್ನೆ ಕೇಳುವುದು ಈ ಎರಡನೆಯವನ ಅಪ್ಪ ಅಮ್ಮನನ್ನು. ಕಳೆದ ಆರು ತಿಂಗಳಲ್ಲಿ ತೂಕ ಏರಿದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಭೇದಿ ಆಗಿತ್ತಾ? ಎದೆಹಾಲಿನ ಜೊತೆ ಬೇರೆ ಆಹಾರ ಸರಿಯಾಗಿ ಶುರುವಾಗಿದೆಯಾ? ಪದೇ ಪದೇ ಜ್ವರ ಬರುತ್ತಿದೆಯಾ? 15ರಲ್ಲೇ ಇರುವ ಮಗುವಿನ ಮನೆಯವರು ಕಂಗಾಲಾಗಿರುತ್ತಾರೆ, 85ರಿಂದ ಜಾರಿದ ಮಗುವಿನ ಮನೆಯವರು ನೆಮ್ಮದಿಯಾಗಿರುತ್ತಾರೆ. ನನಗೆ ಬೇಸರ ಆಗುವುದು ಇಲ್ಲೇ.

ಮೇಲಕ್ಕೆ ಗೆರೆ ದಾಟುವುದೂ ಹಾಗೆಯೇ. 50ರಲ್ಲಿದ್ದ ಮಗು ಎರಡು ವರ್ಷದಲ್ಲಿ 97ಕ್ಕೆ ಹೋಯಿತು, ಉದ್ದ ಮಾತ್ರ ಮೊದಲಿದ್ದ ಗೆರೆಯಲ್ಲೇ ಇದೆ ಅಂದರೆ ಅದು ಖುಷಿಪಡುವ ವಿಷಯ ಅಲ್ಲ.

ಒಂದು ಮಾತು ಸೇರಿಸಲೇಬೇಕು. ಮೊದಲ ಎರಡು ವರ್ಷದಲ್ಲಿ ಕೆಲವು ಮಕ್ಕಳು ಗೆರೆ ಬದಲಿಸುವುದು ಸಹಜ. ಹುಟ್ಟಿದಾಗಿನ ಗಾತ್ರ ಬಹುಮಟ್ಟಿಗೆ ಬಸಿರಿನ ಪರಿಸ್ಥಿತಿಯ ಮೇಲೆ ನಿಂತಿರುತ್ತದೆ. ಆಮೇಲೆ ನಿಧಾನಕ್ಕೆ ಅಪ್ಪ ಅಮ್ಮನ ಮೈಕಟ್ಟಿನ ಪ್ರಭಾವ ಕಾಣುತ್ತದೆ. ತುಂಬಾ ದಪ್ಪಗೆ ಹುಟ್ಟಿದ ಮಗುವಿನ ಅಪ್ಪ ಅಮ್ಮ ಇಬ್ಬರೂ ಸಣ್ಣ ಮೈಕಟ್ಟಿನವರಾದರೆ ಅದು ಮೆಲ್ಲಗೆ ಕೆಳಗಿನ ಗೆರೆಗೆ ಬಂದು ಅಲ್ಲಿ ನೆಲೆ ನಿಲ್ಲಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಚಾರ್ಟ್ ನೋಡಬೇಕು. ಎರಡು ವರ್ಷದವರೆಗೂ ಹೀಗೇ ಮಾಡುತ್ತಾರೆ. ಇದನ್ನು ಮರೆತು ಹೆದರಿದವರು ಬಹಳ ಜನ.

3ನೇ ಗೆರೆಗಿಂತ ಕೆಳಗೆ ಹೋದರೆ, ಚಾರ್ಟಿನ ಮುಖ್ಯ ಗೆರೆಗಳಲ್ಲಿ (3, 15, 50, 85, 97) ಎರಡನ್ನು ದಾಟಿ ಇಳಿದರೆ, ಅಥವಾ ತಿಂಗಳುಗಟ್ಟಲೆ ಗೆರೆ ಮಟ್ಟಸವಾಗಿ ಮಲಗಿದ್ದರೆ ತಡ ಮಾಡದೆ ತೋರಿಸಿ. ತಲೆಯ ಸುತ್ತಳತೆ ಏಕಾಏಕಿ ಮೇಲಿನ ಗೆರೆಗೆ ಹಾರಿದರೂ ತಕ್ಷಣ ತೋರಿಸಿ.

ಹೆದರುವ ಮೊದಲು ಅಳತೆಯನ್ನೇ ಒಮ್ಮೆ ಅನುಮಾನಿಸಿ. ಪುಟ್ಟ ಮಗುವಿನ ಉದ್ದ ಅಳೆಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಹಲಗೆಯ ಮೇಲೆ ಮಲಗಿಸಿದ ಕೂಡಲೇ ಮಗು ಬೆನ್ನು ಬಿಲ್ಲಿನ ಹಾಗೆ ಬಾಗಿಸುತ್ತದೆ. ಒಬ್ಬರು ತಲೆಯನ್ನು ಮೇಲಿನ ಪಟ್ಟಿಗೆ ತಾಗಿಸಿ ಹಿಡಿಯಬೇಕು. ಇನ್ನೊಬ್ಬರು ಎರಡೂ ಮೊಣಕಾಲನ್ನು ಮೆಲ್ಲಗೆ ಒತ್ತಿ, ಪಾದ ನೆಟ್ಟಗಾಗುವ ಒಂದೇ ಕ್ಷಣದಲ್ಲಿ ಕೆಳಗಿನ ಪಟ್ಟಿಯನ್ನು ಹಿಮ್ಮಡಿಗೆ ತಂದು ಓದಬೇಕು. ಒಂದು ಮೊಣಕಾಲು ಮಡಿಚಿದ್ದರೂ ಸೆಂಟಿಮೀಟರುಗಟ್ಟಲೆ ಹೋಯಿತು. ಎರಡು ವರ್ಷದವರೆಗೆ ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ನಿಂತಾಗ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಅದು ಮಗು ಕುಗ್ಗಿದ್ದಲ್ಲ. ತೂಕದಲ್ಲೂ ಹೀಗೇ. ಒದ್ದೆ ಡೈಪರ್, ದಪ್ಪ ಸ್ವೆಟರ್, ಬೇರೆ ಬೇರೆ ಯಂತ್ರ, ಇಷ್ಟು ಸಾಕು ಗೆರೆ ಕೆಡಲು. ಹಾಗಂತ ದಿನಾ ತೂಗುವುದೂ ಬೇಡ. ದಿನದ ಏರಿಳಿತ ಹೊಟ್ಟೆಯಲ್ಲಿರುವ ಹಾಲಿನ ಲೆಕ್ಕ ಅಷ್ಟೇ.

ತೂಕ ಒಂದನ್ನೇ ಹಿಡಿದು ಕೂರಬೇಡಿ. ಕಾಯಿಲೆ ಬಿದ್ದ ವಾರದಲ್ಲಿ ತೂಕ ಇಳಿದು, ಆಮೇಲೆ ಮತ್ತೆ ಏರುತ್ತದೆ. ಉದ್ದ ಇಳಿಯುವುದಿಲ್ಲ. ಅದು ಬಹಳ ದಿನ ಆಹಾರ ಸಾಲದೇ ಹೋದಾಗ, ಮೇಲಿಂದ ಮೇಲೆ ಕಾಯಿಲೆ ಬಂದಾಗ ಹಿಂದೆ ಬೀಳುತ್ತದೆ. ಉದ್ದಕ್ಕೆ ತಕ್ಕ ತೂಕ ಇದೆಯಾ ಅನ್ನುವುದು ಮೂರನೇ ಪ್ರಶ್ನೆ. ಈ ಮೂರನ್ನೂ ಜೋಡಿಸಿದರೆ ಮಾತ್ರ ಮಗು ಈಗ ಸೊರಗುತ್ತಿದೆಯಾ, ಹಿಂದೆ ಯಾವಾಗಲೋ ಕುಂಠಿತವಾಗಿತ್ತಾ, ಇಲ್ಲ ಸುಮ್ಮನೆ ಸಣ್ಣ ಮೈಕಟ್ಟಿನದಾ ಅಂತ ಗೊತ್ತಾಗುತ್ತದೆ. ತೂಕದ ಯಂತ್ರವೇ ಇಲ್ಲದ ಕಡೆ ತೋಳಿಗೆ ಸುತ್ತುವ ಪಟ್ಟಿ ದೊಡ್ಡ ಕೆಲಸ ಮಾಡುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವಿಗೆ ಚಿಕಿತ್ಸೆ ಕೂಡಲೇ ಶುರುವಾಗಬೇಕು.

ಇನ್ನೊಂದು ಪ್ರಶ್ನೆ ಇದೆ. ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದದ್ದು. ಮಕ್ಕಳಿಗೆ ಪರ್ಸೆಂಟೈಲ್ ನೋಡುವ ಡಾಕ್ಟರು ದೊಡ್ಡವರಿಗೆ ಅದನ್ನು ಯಾಕೆ ಹೇಳುವುದಿಲ್ಲ?

ದೊಡ್ಡವರು ಬೆಳೆಯುವುದಿಲ್ಲ ಅನ್ನುವುದು ಅರ್ಧ ಉತ್ತರ. ಉಳಿದರ್ಧ ಮುಖ್ಯ. ಸುತ್ತಲಿನ ಎಲ್ಲರೂ ದಪ್ಪ ಆಗುತ್ತಾ ಹೋದರೆ ಸಾಲಿನ ಮಧ್ಯದವನೂ ದಪ್ಪವೇ ಆಗಿರುತ್ತಾನೆ. ಅವನಿಗೆ ನೀನು 50ನೇ ಪರ್ಸೆಂಟೈಲ್ ಅಂದರೆ ಸುಳ್ಳು ಸಮಾಧಾನ ಕೊಟ್ಟ ಹಾಗೆ. ಅದಕ್ಕೇ ದೊಡ್ಡವರಲ್ಲಿ ಪಕ್ಕದವರ ಜೊತೆ ಹೋಲಿಸುವುದನ್ನು ಬಿಟ್ಟು, ಯಾವ ಅಳತೆಯಿಂದ ಮೇಲೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚುತ್ತದೆ ಅಂತ ನೋಡಿ ಗೆರೆ ಎಳೆದರು. ಬಿಎಂಐ ಹೀಗೆ ಬಳಕೆಗೆ ಬಂತು. ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ (ಎತ್ತರವನ್ನು ಎತ್ತರದಿಂದಲೇ ಗುಣಿಸಿದರೆ ಬರುವ ಸಂಖ್ಯೆ) ಭಾಗಿಸುವ ಈ ಲೆಕ್ಕವನ್ನು 1832ರಲ್ಲಿ ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ಖಗೋಳ ಮತ್ತು ಅಂಕಿಅಂಶದ ವಿಜ್ಞಾನಿ, ಡಾಕ್ಟರಲ್ಲ. ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಸಾಮಾನ್ಯವಾಗಿ 25ರಿಂದ ಮೇಲೆ ಅಧಿಕ ತೂಕ, 30ರಿಂದ ಮೇಲೆ ಬೊಜ್ಜು. ಏಷ್ಯಾದವರಿಗೆ ಇನ್ನೂ ಕಡಿಮೆ ಬಿಎಂಐನಲ್ಲೇ ಅಪಾಯ ಶುರುವಾಗುವುದರಿಂದ 23ರಿಂದಲೇ ಎಚ್ಚರ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಹೇಳಿತು.

ದಯವಿಟ್ಟು ಈ ಸಂಖ್ಯೆಗಳನ್ನು ಮಕ್ಕಳಿಗೆ ಹಚ್ಚಬೇಡಿ. ದೊಡ್ಡವರಲ್ಲಿ ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅನ್ನುತ್ತೇವೆ. ಆರು ವರ್ಷದ ಹುಡುಗನಲ್ಲಿ ಅದೇ 18.5 ಬೊಜ್ಜಿನ ಗೆರೆ. ಆ ವಯಸ್ಸಿನ ನಡುಮಟ್ಟ 15.3. ದೊಡ್ಡವರ ಲೆಕ್ಕ ಹಾಕುವ ಆಪ್‌ನಲ್ಲಿ ಮಗುವಿನ ತೂಕ ಎತ್ತರ ಒತ್ತಿ, ಬಂದ ಉತ್ತರ ನೋಡಿ ತುಪ್ಪ ಸುರಿಯುವವರಿಗೆ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಬಿಎಂಐಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪು ಹಿಡಿದು, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ವಯಸ್ಸಾದವರ ವಿಷಯಕ್ಕೆ ಬಂದರೆ ಬಿಎಂಐ ಕೂಡ ದಾರಿ ತಪ್ಪಿಸುತ್ತದೆ. ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂ.ಮೀ. ಎತ್ತರ ಕಡಿಮೆಯಾಗುತ್ತದೆ, ಎಪ್ಪತ್ತರ ನಂತರ ಇನ್ನೂ ಬೇಗ. 165 ಸೆಂ.ಮೀ. ಎತ್ತರ, 62 ಕೆಜಿ ಇದ್ದವರ ಬಿಎಂಐ 22.8. ಅದೇ ತೂಕದಲ್ಲಿ ಎತ್ತರ 159ಕ್ಕೆ ಇಳಿದರೆ ಬಿಎಂಐ 24.5. ಒಂದು ಗ್ರಾಂ ಕೊಬ್ಬು ಸೇರದೆ ಬಿಎಂಐ ಏರಿತು. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂ.ಮೀ. ಅಥವಾ ಅದಕ್ಕಿಂತ ಜಾಸ್ತಿ ಕುಗ್ಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಯಾವ ಸಾಲಿನಲ್ಲೂ ನಿಲ್ಲಿಸಬೇಡಿ, ಅವರ ಹಿಂದಿನ ಅಳತೆಯ ಜೊತೆಗೇ ಹೋಲಿಸಿ. ತಿಂಗಳಿಗೊಮ್ಮೆ ತೂಕ, ವರ್ಷಕ್ಕೊಮ್ಮೆ ಎತ್ತರ. ಬೇಕೆಂದು ಇಳಿಸದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 60 ಕೆಜಿಯವರು 57ಕ್ಕೆ ಬಂದರೆ, ವಯಸ್ಸಾಯ್ತಲ್ಲ ಅಂತ ಸುಮ್ಮನಾಗಬೇಡಿ. ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ ನೋಡಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಾಂಸಖಂಡ ಕರಗುತ್ತಿರಬಹುದು ಅಂತ ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ್ದಾರೆ. ನೆಟ್ಟಗೆ ನಿಲ್ಲಲು ಆಗದವರಿಗೆ ಹಿಮ್ಮಡಿಯಿಂದ ಮೊಣಕಾಲಿನವರೆಗಿನ ಅಳತೆ ತೆಗೆದು ಎತ್ತರ ಅಂದಾಜು ಮಾಡುವ ಲೆಕ್ಕವಿದೆ, ಡಾಕ್ಟರ ಹತ್ತಿರ ಕೇಳಿ ಮಾಡಿಸಿ.